ಚೆಂಗ್ದುವಿನ ಮಾರುಕಟ್ಟೆ ಪಕ್ಕದ ಸಣ್ಣ ಹೋಟೆಲುಗಳಲ್ಲಿ ಉಣ್ಣುವುದು: ಏನು ಹೇಳಬೇಕು, ಖಾರ ಮತ್ತು ಜುಮ್ಮು ಹೇಗೆ ನಿಭಾಯಿಸಬೇಕು?

ಸೌಟು
ಚೀನಾದ ಸಿಚುವಾನ್ ಪ್ರಾಂತ್ಯದ ಕಡೆ (ಚೆಂಗ್ದು ಅದರ ರಾಜಧಾನಿ) ಹೋಗುವವರಿಗೆ ಉಪಯೋಗವಾಗಲಿ ಅಂತ ಈ ಎಳೆ ಶುರು ಮಾಡ್ತಿದ್ದೇನೆ. ದೊಡ್ಡ ರೆಸ್ಟೋರೆಂಟುಗಳನ್ನು ಸದ್ಯಕ್ಕೆ ಬಿಡೋಣ. ತರಕಾರಿ ಮಾರುಕಟ್ಟೆಗೆ ಒತ್ತಿಕೊಂಡಿರುವ, ಆರೇಳು ಮೇಜಿನ, ಗೋಡೆ ಮೇಲೆ ಚೀನೀ ಲಿಪಿಯಲ್ಲಷ್ಟೇ ಮೆನು ಇರುವ, ಊರವರು ತ್ಸಾಂಗ್‌ಯಿಂಗ್ ಗ್ವಾನ್ಜಿ (ನೊಣದ ಹೋಟೆಲು) ಅನ್ನುವ ಹೋಟೆಲುಗಳ ಬಗ್ಗೆ ಮಾತ್ರ ಮಾತಾಡೋಣ. ಮೂರು ಜನಕ್ಕೆ ಏನೇನು ಹೇಳಬೇಕು? ಖಾರ ಕಡಿಮೆ ಮಾಡಿ ಅಂದರೆ ನಿಜವಾಗಿ ಕಡಿಮೆಯಾಗುತ್ತಾ? ಸಸ್ಯಾಹಾರಿಗಳಿಗೆ ಅಲ್ಲಿ ದಾರಿ ಇದೆಯಾ? ಗೊತ್ತಿರುವವರು ವಿವರವಾಗಿ ಬರೆಯಿರಿ. “ಹುಷಾರಾಗಿ ತಿನ್ನಿ” ಅನ್ನೋ ಮಟ್ಟದ ಉತ್ತರದಿಂದ ಯಾರಿಗೂ ಪ್ರಯೋಜನ ಇಲ್ಲ.

ಬಾಣಲೆ
ಹೊಸಬರು ಎಡವೋದು ಆರ್ಡರ್ ಮಾಡೋ ಹೊತ್ತಿಗೇ. ಹೆಸರು ಕೇಳಿರೋ ಪದಾರ್ಥಗಳನ್ನೆಲ್ಲ ಒಂದೇ ಊಟಕ್ಕೆ ಹೇಳಿಬಿಡ್ತಾರೆ. ಮಾಪೋ ದೌಫು (ಖಾರದ ತೋಫು), ಶ್ವೇಯ್‌ಜೂ ನ್ಯೂರೌ (ಖಾರದ ಎಣ್ಣೆಯಲ್ಲಿ ಮುಳುಗಿಸಿದ ದನದ ಮಾಂಸ), ಲಾಜಿಜೀ (ಒಣಮೆಣಸಿನಕಾಯಿ ರಾಶಿಯ ಕೋಳಿ) ಮೂರನ್ನೂ ಒಟ್ಟಿಗೆ ತರಿಸಿದರೆ ನಾಲ್ಕನೇ ತುತ್ತಿಗೆ ನಾಲಿಗೆಗೆ ಯಾವುದು ಯಾವುದೆಂದು ಗೊತ್ತಾಗೋದಿಲ್ಲ. ಅಲ್ಲಿಯವರು ಯಾರೂ ಹಾಗೆ ಊಟ ಮಾಡಲ್ಲ. ಸಿಚುವಾನ್ ಬಾಣಸಿಗರು 24 ಸಂಯುಕ್ತ ರುಚಿಗಳನ್ನು ಪಟ್ಟಿ ಮಾಡ್ತಾರೆ, ಮಾಲಾ (ಜುಮ್ಮು + ಖಾರ) ಅದರಲ್ಲಿ ಒಂದು ಅಷ್ಟೆ.

ಮೂರು ಜನಕ್ಕೆ ಒಂದು ಮಾಲಾ ಪದಾರ್ಥ ಸಾಕು. ಅದರ ಜೊತೆಗೆ ಯೂಶ್ಯಾಂಗ್ ರುಚಿಯದು ಒಂದು. ಇದು ಉಪ್ಪಿನಲ್ಲಿ ಹಾಕಿದ ಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿ, ಸಕ್ಕರೆ, ವಿನೆಗರ್ ಸೇರಿದ ಸಿಹಿ-ಹುಳಿ. ಯೂಶ್ಯಾಂಗ್ ಬದನೆಕಾಯಿ ಎಲ್ಲ ಕಡೆ ಸಿಗುತ್ತೆ, ಹೆಸರಿಗೆ ‘ಮೀನಿನ ಘಮ’ ಅಂತ ಅರ್ಥ ಇದ್ದರೂ ಅದರಲ್ಲಿ ಮೀನು ಇರೋದಿಲ್ಲ. ಆಮೇಲೆ ಒಂದು ಸೊಪ್ಪು, ಒಂದು ಸೂಪು, ಅನ್ನ.

ಸೊಪ್ಪು ಹೇಳುವಾಗ ಒಂದು ಪದದ ಮೇಲೆ ಗಮನ ಇರಲಿ. ಛಿಂಗ್‌ಛಾವ್ ಅಂದರೆ ಬರೀ ಎಣ್ಣೆ-ಉಪ್ಪಿನಲ್ಲಿ ಬಾಡಿಸಿದ್ದು. ಛ್ಯಾಂಗ್‌ಛಾವ್ ಅಂದರೆ ಒಣಮೆಣಸಿನಕಾಯಿ, ಹ್ವಾಜ್ಯಾವ್ (ಬಾಯಿ ಜುಮ್ಮೆನ್ನಿಸುವ ಸಿಚುವಾನ್ ಮೆಣಸು) ಕಾಳನ್ನು ಎಣ್ಣೆಗೆ ಹಾಕಿ ಸಿಡಿಸಿ ಮಾಡಿದ್ದು. ಕೇಳೋಕೆ ಎರಡೂ ಹೆಚ್ಚು ಕಡಿಮೆ ಒಂದೇ ಥರ ಇರೋದರಿಂದ ತಂಪಿಗೆ ಅಂತ ತರಿಸಿದ ಸೊಪ್ಪೇ ಖಾರವಾಗಿ ಬಂದುಬಿಡುತ್ತೆ. ಸ್ವಾನ್‌ರೋಂಗ್ (ಬೆಳ್ಳುಳ್ಳಿ ಹಾಕಿದ್ದು) ಅಂದರೂ ಸುರಕ್ಷಿತ.

ಸೂಪಿಗೆ ಟೊಮೆಟೊ-ಮೊಟ್ಟೆ ಸಾರು ಸಾಕು. ಮರದ ಹಬೆಪಾತ್ರೆಯಲ್ಲಿ ಅನ್ನ ಮಾಡುವ ಹೋಟೆಲಾದರೆ (ಜೆಂಗ್ಜಿಫಾನ್ ಅಂತ ಬೋರ್ಡು ಇರುತ್ತೆ) ಅಕ್ಕಿ ಕುದಿಸಿ ಬಸಿದ ಮೀಥಾಂಗ್, ಅಂದರೆ ನಮ್ಮ ಗಂಜಿ ತಿಳಿ, ಸಿಗುತ್ತೆ. ಖಾರದ ಊಟದ ಜೊತೆಗೆ ಅದಕ್ಕಿಂತ ಒಳ್ಳೇದು ಇನ್ನೊಂದಿಲ್ಲ. ಕೆಲವು ಕಡೆ ಬಡಿಸಿಕೊಳ್ಳೋಕೆ ಪಾತ್ರೆಯಲ್ಲೇ ಇಟ್ಟಿರ್ತಾರೆ.

ರೊಟ್ಟಿಬುತ್ತಿ
ಬಾಣಲೆಯವರ ಮಾತು ಖರೇ ಐತಿ, ಆದ್ರ ಒಂದು ಕೇಳ್ತೀನ್ರಿ. ನಮ್ಮ ಕಡೆ ರಂಜಕ, ಕೆಂಪ ಖಾರ, ಹಸಿಮೆಣಸಿನಕಾಯಿ ಚಟ್ನಿ ಉಂಡು ರೂಢಿ ಇದ್ದವ್ರಿಗೆ ಇಷ್ಟೆಲ್ಲಾ ಕಾಳಜಿ ಬೇಕೇನ್ರಿ? ಸಿಚುವಾನದಾಗ ಬಳಸೋ ಅರ್‌ಜಿಂಗ್‌ಥ್ಯಾವ್ ಮೆಣಸಿನಕಾಯಿ ಗುಂಟೂರಿನಷ್ಟು ಜೋರು ಇಲ್ಲಲ್ರಿ. ಬಣ್ಣ, ವಾಸನೆ ಜಾಸ್ತಿ, ಖಾರ ಮಧ್ಯಮ. ವೇಯ್‌ಲಾ (ಸ್ವಲ್ಪ ಖಾರ) ಅಂತ ಕೇಳೋದು ನಮ್ಮವ್ರಿಗೆ ಅವಶ್ಯ ಇಲ್ಲ ಅಂತ ನನ್ನ ಅಭಿಪ್ರಾಯ.

ನಾಲಿಗೆತುದಿ
ರೊಟ್ಟಿಬುತ್ತಿಯವರೇ, ಮೆಣಸಿನಕಾಯಿ ಲೆಕ್ಕದಲ್ಲಿ ನೀವು ಹೇಳಿದ್ದು ಅರ್ಧ ಸರಿ. ಅರ್‌ಜಿಂಗ್‌ಥ್ಯಾವ್ ಮೃದು, ಆದರೆ ಖಾರಕ್ಕೆ ಅಂತಲೇ ಛಾವ್‌ಥ್ಯೆನ್‌ಜ್ಯಾವ್ ಬೆರೆಸುತ್ತಾರೆ. ತಣ್ಣನೆ ಪದಾರ್ಥಗಳಲ್ಲಿ ಹಸಿ ಶ್ಯಾವ್‌ಮೀಲಾ ಕೊಚ್ಚಿ ಹಾಕುತ್ತಾರೆ, ಅದು ನಮ್ಮ ಸೂಜಿಮೆಣಸಿನ ಜಾತಿಯ ಪೆಟ್ಟು. ಜಿಗೋಂಗ್ (ಸಿಚುವಾನಿನ ಒಂದು ಊರು) ಶೈಲಿ ಅಂತ ಬೋರ್ಡು ಇದ್ದರೆ ಹಸಿ ಮೆಣಸಿನಕಾಯಿ, ಎಳೆ ಶುಂಠಿ ಧಾರಾಳವಾಗಿ ಇರುತ್ತದೆ ಅಂತ ತಿಳಿದುಕೊಳ್ಳಿ.

ನಮ್ಮವರಿಗೆ ಅಭ್ಯಾಸವಿಲ್ಲದ್ದು ಎರಡು. ಒಂದು ಎಣ್ಣೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗದೆ ಎಣ್ಣೆಯಲ್ಲಿ ಕರಗುತ್ತದೆ. ನಮ್ಮ ಖಾರ ಬಹುಪಾಲು ಬೇಳೆ, ಕಾಯಿ, ಹಿಟ್ಟಿನ ಜೊತೆ ಹೊಟ್ಟೆಗೆ ಹೋಗುತ್ತದೆ. ಅಲ್ಲಿ ಅದು ಎಣ್ಣೆಯ ಪದರವಾಗಿ ತುಟಿ, ನಾಲಿಗೆ, ಗಂಟಲಿಗೆ ಅಂಟಿಕೊಂಡು ತುಂಬಾ ಹೊತ್ತು ಕೂರುತ್ತದೆ.

ಎರಡನೆಯದು ಹ್ವಾಜ್ಯಾವ್. ಅದರಲ್ಲಿರುವ ಸ್ಯಾನ್‌ಶೂಲ್ ಅನ್ನುವ ವಸ್ತು ಖಾರದ ನರಗಳ ಜೊತೆ ಸ್ಪರ್ಶದ ನರಗಳನ್ನೂ ಕೆಣಕುತ್ತದೆ. ಲಂಡನ್ನಿನ ಸಂಶೋಧಕರು 2013ರಲ್ಲಿ ತುಟಿಗೆ ಹ್ವಾಜ್ಯಾವ್ ಹಚ್ಚಿ ಅಳೆದಾಗ ಆ ಜುಮ್ಮು ಸೆಕೆಂಡಿಗೆ ಸುಮಾರು 50 ಸಲದ ಕಂಪನಕ್ಕೆ ಹೊಂದಿತ್ತು. ಎಷ್ಟು ರಂಜಕ ತಿಂದಿದ್ದರೂ ಈ ಕಂಪನಕ್ಕೆ ರೂಢಿಯಾಗಿರುವುದಿಲ್ಲ. ಬಾಯಿ ಜೋಮು ಹಿಡಿದಾಗ ಖಾರದ ಅಂದಾಜು ತಪ್ಪುತ್ತದೆ, ಜೊಲ್ಲು ಹೆಚ್ಚುತ್ತದೆ, ಕುಡಿಯುವ ನೀರು ಕೂಡ ಬೇರೆ ರುಚಿ ಕೊಡುತ್ತದೆ. ಇದು ಅಲರ್ಜಿಯಲ್ಲ. ಕೆಲವು ನಿಮಿಷದಲ್ಲಿ ತಾನಾಗಿ ಇಳಿಯುತ್ತದೆ. ಆದರೆ ಗಂಟಲು ಬಿಗಿದು ಉಸಿರಾಟಕ್ಕೆ ತೊಂದರೆ, ಮುಖ ಊದಿಕೊಳ್ಳುವುದು, ಮೈಮೇಲೆ ದದ್ದು ಇವು ಜುಮ್ಮಿನ ಲಕ್ಷಣಗಳಲ್ಲ. ಎಳ್ಳು, ಕಡಲೆಬೀಜ ಆಗದವರು ಇದನ್ನು ನೆನಪಿಡಬೇಕು, ಅವೆರಡೂ ಅಲ್ಲಿ ಎಲ್ಲೆಲ್ಲೂ ಇರುತ್ತವೆ.

ಇನ್ನೊಂದು ಮಾತು: “ಖಾರ ಬೇಡ” ಅಂದರೆ ಜುಮ್ಮು ತಪ್ಪುವುದಿಲ್ಲ. ಜ್ಯಾವ್‌ಮಾ ಕೋಳಿ ಅನ್ನುವ ತಣ್ಣನೆ ಪದಾರ್ಥದಲ್ಲಿ ಮೆಣಸಿನಕಾಯಿಯೇ ಇಲ್ಲ. ಈರುಳ್ಳಿ ಸೊಪ್ಪಿನ ಜೊತೆ ಅರೆದ ಹ್ವಾಜ್ಯಾವ್ ಇರುತ್ತದೆ, ಬಾಯಿ ಮರಗಟ್ಟುತ್ತದೆ. ಶಾವ್‌ಮಾ (ಜುಮ್ಮು ಕಡಿಮೆ) ಅಂತ ಬೇರೆಯಾಗಿ ಹೇಳಬೇಕು.

ರೊಟ್ಟಿಬುತ್ತಿ
ಎಣ್ಣಿ ಮಾತು ಒಪ್ಪಿದೆ ನೋಡ್ರಿ. ಹಂಗಾದ್ರ ವೇಯ್‌ಲಾ ಅಂದ್ರ ಅವ್ರು ಎಣ್ಣಿ ಕಡಿಮಿ ಹಾಕ್ತಾರೇನು?

ಬಾಣಲೆ
ಅದು ಯಾವ ಪದಾರ್ಥ ಅನ್ನೋದರ ಮೇಲಿದೆ. ಇದನ್ನು ಎಲ್ಲರೂ ತಿಳಿದುಕೊಂಡಿರಬೇಕು.

ಬಟ್ಟಲಿನಲ್ಲಿ ಕಲಸಿ ಕೊಡುವಂಥವು, ಅಂದರೆ ನೂಡಲ್ಸು, ಲ್ಯಾಂಗ್‌ಫೆನ್ (ಪಿಷ್ಟದ ತಣ್ಣನೆ ಜೆಲ್ಲಿ), ತಣ್ಣನೆ ಕೋಳಿ, ಜಜ್ಜಿದ ಸೌತೆಕಾಯಿ. ಇವುಗಳಿಗೆ ಮೆಣಸಿನ ಎಣ್ಣೆಯನ್ನು ಆಗಲೇ ಸೌಟಿನಲ್ಲಿ ಹಾಕೋದರಿಂದ ವೇಯ್‌ಲಾ ಅಂದರೆ ನಿಜಕ್ಕೂ ಅರ್ಧವಾಗುತ್ತೆ.

ಬಾಣಲೆಯಲ್ಲಿ ಮಾಡೋವು, ಉದಾಹರಣೆಗೆ ಮಾಪೋ ದೌಫು, ಹ್ವೇಗ್ವೋರೌ (ಎರಡು ಸಲ ಬೇಯಿಸಿದ ಹಂದಿ ಮಾಂಸ). ಇವಕ್ಕೆ ದೌಬಾನ್‌ಜ್ಯಾಂಗ್ (ಮೆಣಸಿನಕಾಯಿ, ಬಾಕಲ ಅಂದರೆ ಬ್ರಾಡ್ ಬೀನ್ ಕಾಳು ಹುದುಗಿಸಿದ ಪೇಸ್ಟು) ಬೇಕೇ ಬೇಕು, ಅದೇ ಬಣ್ಣ, ಅದೇ ಉಪ್ಪು. ಮೇಲಿಂದ ಹಾಕೋ ಮೆಣಸಿನ ಪುಡಿ ಮಾತ್ರ ಬಿಡಬಹುದು. ಕಾಲು ಭಾಗ ಇಳಿಯುತ್ತೆ ಅಂದುಕೊಳ್ಳಿ.

ಒಂದೇ ಹಂಡೆಯಲ್ಲಿ ದಿನವಿಡೀ ಕುದಿಯೋವು: ಮಾವ್‌ತ್ಸಾಯ್ (ಆಯ್ದುಕೊಟ್ಟ ತರಕಾರಿ, ಮಾಂಸವನ್ನು ಖಾರದ ಸಾರಿನಲ್ಲಿ ಬೇಯಿಸಿದ್ದು), ಛ್ವಾನ್‌ಛ್ವಾನ್ (ಕಡ್ಡಿಗೆ ಚುಚ್ಚಿ ಬೇಯಿಸಿದ್ದು). ಸಾರು ಎಲ್ಲರಿಗೂ ಒಂದೇ. ಇಲ್ಲಿ ವೇಯ್‌ಲಾ ಅಂದರೆ ಕೊನೆಗೆ ಸುರಿಯೋ ಎಣ್ಣೆ, ಪುಡಿ ಕಡಿಮೆಯಾಗುತ್ತೆ, ಸಾರಿನ ಖಾರ ಹಾಗೇ ಇರುತ್ತೆ.

ಶ್ವೇಯ್‌ಜೂ ನ್ಯೂರೌ ಥರದ ಎಣ್ಣೆ ಮುಳುಗಿಸಿದ ಪದಾರ್ಥ ತಿನ್ನೋದಕ್ಕೆ ಕ್ರಮ ಇದೆ. ಪಿಷ್ಟ ಸವರಿದ ಮಾಂಸದ ಚೂರುಗಳನ್ನು ದೌಬಾನ್‌ಜ್ಯಾಂಗ್ ಸಾರಿನಲ್ಲಿ ಬೇಯಿಸಿ, ಮೇಲೆ ಪುಡಿ ಮಾಡಿದ ಮೆಣಸಿನಕಾಯಿ-ಹ್ವಾಜ್ಯಾವ್ ಉದುರಿಸಿ, ಹೊಗೆಯಾಡೋ ಎಣ್ಣೆ ಸುರಿದಿರ್ತಾರೆ. ಖಾರವೆಲ್ಲ ಆ ಮೇಲಿನ ಪದರದಲ್ಲೇ ಇರುತ್ತೆ. ಚಾಪ್‌ಸ್ಟಿಕ್ಕನ್ನು ಪಕ್ಕದಿಂದ ತಳಕ್ಕೆ ಇಳಿಸಿ ಚೂರು ಎತ್ತಿ, ಬಟ್ಟಲಿನ ಅಂಚಿಗೆ ಒತ್ತಿ ಎಣ್ಣೆ ಇಳಿಸಿ, ಒಂದು ಖಾಲಿ ಬಟ್ಟಲಲ್ಲಿ ಇನ್ನೊಮ್ಮೆ ಒದರಿ, ಆಮೇಲೆ ಅನ್ನದ ಮೇಲೆ ಇಡಿ. ಸಾರು ಅಂತ ಚಮಚದಲ್ಲಿ ಕುಡಿಯೋಕೆ ಹೋಗಬೇಡಿ. ಅದು ಕುಡಿಯೋಕೆ ಇರೋದಲ್ಲ. ಲಾಜಿಜೀಯಲ್ಲಿ ರಾಶಿ ಬಿದ್ದಿರೋ ಒಣಮೆಣಸಿನಕಾಯಿ ಕೂಡ ತಿನ್ನೋಕಲ್ಲ. ನಡುವೆ ಅಡಗಿರೋ ಕೋಳಿ ಚೂರು ಮಾತ್ರ ಹೆಕ್ಕಿ ತಿನ್ನಬೇಕು.

ಹುರುಳಿಕಟ್ಟು
ಸಸ್ಯಾಹಾರದ ಬಗ್ಗೆ ನಾನು ಬರೆಯುತ್ತೇನೆ, ಏಕೆಂದರೆ ಇಲ್ಲಿ ತಪ್ಪು ಮಾಹಿತಿ ತುಂಬಾ ಓಡಾಡುತ್ತಿದೆ.

ಅಲ್ಲಿ ತರಕಾರಿ ಪದಾರ್ಥ ಅಂದರೆ ತರಕಾರಿ ಮುಖ್ಯವಾಗಿರುವ ಪದಾರ್ಥ, ಮಾಂಸ ಇಲ್ಲ ಅಂತ ಅರ್ಥವಲ್ಲ. ಮಾಪೋ ದೌಫುವಿನಲ್ಲಿ ಕೊಚ್ಚಿದ ದನದ ಅಥವಾ ಹಂದಿ ಮಾಂಸ. ಒಣ ಹುರಿದ ಬೀನ್ಸಿನಲ್ಲಿ ಹಂದಿ ಕೈಮಾ ಮತ್ತು ಯಾತ್ಸಾಯ್ ಉಪ್ಪಿನಕಾಯಿ. ಯೂಶ್ಯಾಂಗ್ ಬದನೆಯಲ್ಲೂ ಎಷ್ಟೋ ಕಡೆ ಕೈಮಾ. ಸೊಪ್ಪನ್ನು ಹಂದಿ ಕೊಬ್ಬಿನಲ್ಲಿ ಬಾಡಿಸುವ ರೂಢಿ ಇದೆ. ಸೂಜ್ಯಾವ್ ಜಾಜ್ಯಾಂಗ್ ನೂಡಲ್ಸಿನ ಹೆಸರಿನಲ್ಲೇ ‘ಸೂ’ (ಸಸ್ಯಾಹಾರ) ಇದ್ದರೂ ಮೇಲೆ ಬೀಳುವುದು ಹಂದಿ ಕೈಮಾ.

ಹಾಗಾಗಿ ಒಂದು ಮಾತು ಸಾಲದು, ನಾಲ್ಕು ಬೇಕು. ವೋ ಛ್ರ್ ಸೂ (ನಾನು ಸಸ್ಯಾಹಾರಿ), ಬುಯಾವ್ ರೌಮೋ (ಕೈಮಾ ಬೇಡ), ಬುಯಾವ್ ಜೂಯೌ (ಹಂದಿ ಕೊಬ್ಬು ಬೇಡ), ಬುಯಾವ್ ಜೀಜಿಂಗ್ (ಕೋಳಿ ಸತ್ವದ ಪುಡಿ ಬೇಡ). ಕೊನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ಆ ಪುಡಿ ಅಲ್ಲಿ ಉಪ್ಪಿನಷ್ಟೇ ಸಾಮಾನ್ಯ. ಬಾಯಲ್ಲಿ ಹೇಳಿದರೆ ಸ್ವರ ತಪ್ಪಿ ಅರ್ಥವಾಗದಿರಬಹುದು, ಈ ನಾಲ್ಕನ್ನೂ ಚೀನೀ ಲಿಪಿಯಲ್ಲಿ ಫೋನಿನಲ್ಲಿ ದೊಡ್ಡದಾಗಿ ಇಟ್ಟುಕೊಂಡು ತೋರಿಸಿ. ಮಧ್ಯಾಹ್ನ 12ರ ನೂಕುನುಗ್ಗಲಲ್ಲಿ ತೋರಿಸಿದರೆ ಓದಲು ಅವರಿಗೆ ಪುರುಸೊತ್ತು ಇರುವುದಿಲ್ಲ. 11:30ರೊಳಗೆ ಹೋಗಿ.

ಮಾಂಸ ಬೀಳುವ ಸಂಭವ ಕಡಿಮೆ ಇರುವವು: ಥ್ಯೆನ್‌ಶ್ವೇಯ್ ನೂಡಲ್ಸ್ (ದಪ್ಪ ಎಳೆ, ಸಿಹಿ ಸೋಯಾ, ಮೆಣಸಿನ ಎಣ್ಣೆ, ಎಳ್ಳಿನ ಪೇಸ್ಟು), ಬಟಾಣಿ ಅಥವಾ ಹೆಸರುಕಾಳಿನ ಪಿಷ್ಟದ ಲ್ಯಾಂಗ್‌ಫೆನ್, ಜಜ್ಜಿದ ಸೌತೆಕಾಯಿ, ಖಾರದ ಗೊಜ್ಜಿನ ಜೊತೆ ಕೊಡುವ ದೌಹ್ವಾ (ಮೆತ್ತನೆ ತೋಫು), ಬೆಲ್ಲದ ಪಾಕ-ಸೋಯಾ ಹಿಟ್ಟಿನಲ್ಲಿ ಹೊರಳಿಸಿದ ಸಾನ್‌ದಾಫಾವ್ ಅಕ್ಕಿ ಉಂಡೆ. ತಣ್ಣನೆ ಪದಾರ್ಥಗಳ ಕೌಂಟರಿನಲ್ಲಿ ಬಿಳಿ ಬೇರಿನ ಝಅರ್‌ಗನ್ ಕಂಡರೆ ಅದು ಗಿಡದ್ದೇ, ವಾಸನೆ ಮಾತ್ರ ಮೀನಿನ ಹಾಗೆ ಇರುತ್ತದೆ.

ಇಷ್ಟಾದರೂ ಪಾತ್ರೆ, ಬಾಣಲೆ, ಸೌಟು ಒಂದೇ. ಅದು ಒಪ್ಪದವರು ಸಣ್ಣ ಹೋಟೆಲಿನ ಆಸೆ ಬಿಟ್ಟು ಚೆಂಗ್ದುವಿನ ವೆನ್‌ಶು ಬೌದ್ಧ ವಿಹಾರದ ಊಟದ ಮನೆಗೆ ಹೋಗುವುದು ಒಳ್ಳೆಯದು. ಬೌದ್ಧರ ಅಡುಗೆಯಲ್ಲಿ ಈರುಳ್ಳಿ-ಬೆಳ್ಳುಳ್ಳಿಯೂ ವರ್ಜ್ಯ. ಅವೆರಡನ್ನೂ ತಿನ್ನದ ನಮ್ಮವರಿಗೆ ಇಡೀ ಊರಿನಲ್ಲಿ ಸಮಾಧಾನವಾಗಿ ಕೂತು ಉಣ್ಣಬಹುದಾದಂಥ ಜಾಗ ಅದು.

ಕಡಲತಡಿ
ಹುರುಳಿಕಟ್ಟು ಹೇಳಿದ್ದಕ್ಕೆ ಒಂದು ಸೇರಿಸ್ತೇನೆ ಮಾರಾಯ್ರೆ. ಹಾಟ್‌ಪಾಟಿನಲ್ಲಿ (ಮೇಜಿನ ಮೇಲೆ ಕುದಿಯುವ ಸಾರಿನಲ್ಲಿ ನಾವೇ ಬೇಯಿಸಿಕೊಳ್ಳುವುದು) ತರಕಾರಿ ಮಾತ್ರ ಹಾಕಿಕೊಂಡರೆ ಆಯ್ತು ಅಂತ ಕೆಲವರು ತಿಳಿದಿರ್ತಾರೆ. ಹಾಗಲ್ಲ. ಪಕ್ಕದ ಚೊಂಗ್‌ಚಿಂಗ್ ನಗರದ ಶೈಲಿಯ ಕೆಂಪು ಸಾರಿಗೆ ದನದ ಕೊಬ್ಬೇ ಆಧಾರ. ತಣ್ಣಗಾದರೆ ಮೇಲೆ ಗಟ್ಟಿ ಪದರ ಕಟ್ಟುವುದು ಅದೇ. ಛಿಂಗ್‌ಯೌ (ಸಸ್ಯದ ಎಣ್ಣೆ) ಸಾರು ಅಂತ ಬೇರೆ ಇರುತ್ತದೆ, ಅದನ್ನೇ ಕೇಳಬೇಕು. ಎರಡು ಭಾಗದ ಯ್ವಾನ್‌ಯಾಂಗ್ ಪಾತ್ರೆಯ ಬಿಳಿ ಸಾರು ಹೆಚ್ಚಾಗಿ ಮೂಳೆಯದ್ದು. ಅಣಬೆ ಸಾರಿಗೂ ಮೂಳೆ ಸಾರು ಸೇರಿಸಿರುವುದುಂಟು, ಕೇಳಿಯೇ ತಿಳಿಯಬೇಕು.

ಮೀನು-ಮಾಂಸ ತಿನ್ನುವವರಿಗೆ ಕೆಲವು ಲೆಕ್ಕ: ದನದ ಹೊಟ್ಟೆಯ ತೆಳು ಹಾಳೆ (ಮಾವ್‌ದೂ) ಸುಮಾರು 15 ಸೆಕೆಂಡು. ಅಲ್ಲಿಯವರು ಏಳು ಸಲ ಎತ್ತಿ ಎಂಟು ಸಲ ಅದ್ದುವುದು ಅಂತ ಲೆಕ್ಕ ಇಡ್ತಾರೆ. ಬಾತುಕೋಳಿ ಕರುಳು 10 ಸೆಕೆಂಡಿನ ಆಸುಪಾಸು, ಸುರುಳಿ ಸುತ್ತಿಕೊಂಡರೆ ಆಯ್ತು. ಜಾಸ್ತಿ ಬಿಟ್ಟರೆ ಎರಡೂ ರಬ್ಬರು. ಆಲೂಗಡ್ಡೆ ಬಿಲ್ಲೆ, ತಾವರೆ ದಂಟಿಗೆ 4–5 ನಿಮಿಷ. ಸೊಪ್ಪು, ಕರಿದ ತೋಫು, ತೋಫು ಚರ್ಮ ಇವನ್ನು ಕೆಂಪು ಸಾರಿಗೆ ಹಾಕಬೇಡಿ. ಎಲೆಯ ಮಡಿಕೆ, ತೋಫುವಿನ ತೂತು ಪೂರಾ ಎಣ್ಣೆ ಹೀರಿಕೊಂಡು ಮಾಂಸಕ್ಕಿಂತ ಮೂರು ಪಾಲು ಖಾರವಾಗ್ತದೆ. ಅವು ಬಿಳಿ ಸಾರಿಗೇ ಚಂದ.

ಕುದಿಯುತ್ತಾ ನೀರಿನಂಶ ಆರಿದ ಹಾಗೆ ಸಾರಿನ ಉಪ್ಪು, ಖಾರ ಎರಡೂ ಏರ್ತದೆ. ಅರ್ಧ ಗಂಟೆಗೊಮ್ಮೆ ಜ್ಯಾ ಥಾಂಗ್ (ಸಾರು ಹಾಕಿ) ಅನ್ನಿ, ಕೆಟಲಿನಲ್ಲಿ ತಂದು ಹಾಕ್ತಾರೆ.

ಸೌಟು
ನಂಜಿಕೊಳ್ಳಲು ಎಳ್ಳೆಣ್ಣೆ ಕೊಡುತ್ತಾರಲ್ಲ, ಎಣ್ಣೆ ಮೇಲೆ ಮತ್ತೆ ಎಣ್ಣೆ ಯಾಕೆ?

ನಾಲಿಗೆತುದಿ
ಎರಡು ಕಾರಣ ಇದೆ. ಕುದಿಯುವ ಸಾರಿನಿಂದ ಬಂದ ಚೂರನ್ನು ತಣ್ಣನೆ ಎಣ್ಣೆ ಕೂಡಲೇ ತಂಪಾಗಿಸುತ್ತದೆ. ಖಾರ ಗ್ರಹಿಸುವ ನರದ ಗ್ರಾಹಕ ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೇಲಿನ ಬಿಸಿಗೂ ಸ್ಪಂದಿಸುವುದೇ ಆದ್ದರಿಂದ ಬಿಸಿ ಇಳಿದಷ್ಟೂ ಖಾರವೂ ಇಳಿದಂತೆ. ಜೊತೆಗೆ ಚೂರಿನ ಮೇಲಿನ ಖಾರದ ಎಣ್ಣೆ ಈ ಖಾರವಿಲ್ಲದ ಎಣ್ಣೆಯಲ್ಲಿ ಹಂಚಿಹೋಗುತ್ತದೆ. ಒಂದು ಪುಟ್ಟ ಬಟ್ಟಲಿಗೆ ಎಳ್ಳೆಣ್ಣೆ, ಒಂದೂವರೆ ಚಮಚ ಜಜ್ಜಿದ ಬೆಳ್ಳುಳ್ಳಿ, ಕೊತ್ತಂಬರಿ, ಚಿಟಿಕೆ ಉಪ್ಪು, ಅರ್ಧ ಚಮಚ ವಿನೆಗರ್. ಇದು ಯೌದ್ಯೆ. ಮೆಣಸಿನ ಪುಡಿ, ಹ್ವಾಜ್ಯಾವ್, ಕಡಲೆಬೀಜದ ಗಾನ್‌ದ್ಯೆ (ಒಣ ಪುಡಿ) ಬಟ್ಟಲನ್ನು ಹೊಸಬರು ಮುಟ್ಟುವುದು ಬೇಡ.

ಅದೇ ಕಾರಣಕ್ಕೆ ಖಾರ ಹತ್ತಿದಾಗ ಬಿಸಿ ಚಹಾ ಕುಡಿದರೆ ಉರಿ ಏರುತ್ತದೆ. ತಣ್ಣೀರು ಬಾಯಲ್ಲಿ ಇರುವಷ್ಟು ಹೊತ್ತು ಮಾತ್ರ ಸಮಾಧಾನ. ಹಾಲಿನ ಕೇಸೀನ್ ಪ್ರೋಟೀನು ಕ್ಯಾಪ್ಸೈಸಿನ್ನನ್ನು ಹಿಡಿದು ಒಯ್ಯುತ್ತದೆ, ಪಕ್ಕದ ಅಂಗಡಿಯಲ್ಲಿ ಹಾಲು-ಮೊಸರಿನ ಪೊಟ್ಟಣ ಸಿಗುತ್ತದೆ. ಹೋಟೆಲಿನೊಳಗೆ ಸಿಗುವುದು ಸೋಯಾ ಹಾಲು, ಹುಳಿ ಪ್ಲಮ್ಮಿನ ಸ್ವಾನ್‌ಮೇಯ್‌ಥಾಂಗ್, ಬೆಲ್ಲದ ನೀರಿನ ಬಿಂಗ್‌ಫೆನ್ (ತಣ್ಣನೆ ಜೆಲ್ಲಿ). ಸಕ್ಕರೆಯೂ ಉರಿ ತಗ್ಗಿಸುತ್ತದೆ, ಆದ್ದರಿಂದ ಬಿಂಗ್‌ಫೆನ್ ಊಟದ ಕೊನೆಗೆ ಅಂತ ಕಾಯಬೇಡಿ, ಮೊದಲೇ ತರಿಸಿ ಪಕ್ಕದಲ್ಲಿಟ್ಟುಕೊಳ್ಳಿ.

ನೂಡಲ್ಸನ್ನು ಸೊರ್ರನೆ ಎಳೆಯಬೇಡಿ. ಎಣ್ಣೆಯ ಹನಿ ಗಂಟಲಿಗೆ ಹಾರಿ ಕೆಮ್ಮು ಹತ್ತಿದರೆ ನಿಲ್ಲುವುದು ಕಷ್ಟ. ತಲೆ ಬಗ್ಗಿಸಿ, ಕಚ್ಚಿ ತುಂಡು ಮಾಡಿ ತಿನ್ನಿ.

ಬಾಣಲೆ
ನೂಡಲ್ಸ್ ಮಾತು ಬಂತಲ್ಲ, ಬೆಳಗಿನ ತಿಂಡಿಗೆ ಮಾರುಕಟ್ಟೆ ಬಳಿ ಹೋಗೋರಿಗೆ ಇದು. ಅಳತೆ ಲ್ಯಾಂಗ್‌ನಲ್ಲಿ, 1 ಲ್ಯಾಂಗ್ ಅಂದರೆ 50 ಗ್ರಾಂ. ಇಬ್ಬರಿಗೆ ಬೇರೆ ಬೇರೆ ರುಚಿ ನೋಡಬೇಕಿದ್ದರೆ ಒಂದೊಂದು ಲ್ಯಾಂಗ್, ಹೊಟ್ಟೆ ತುಂಬೋಕೆ ಎರಡು ಅಥವಾ ಮೂರು. ಖಾರವೇ ಬೇಡವಾದರೆ ಛಿಂಗ್‌ಥಾಂಗ್ (ತಿಳಿ ಸಾರು) ಅನ್ನಿ.

ಚೊಂಗ್‌ಚಿಂಗ್ 1997ರಲ್ಲಿ ಸಿಚುವಾನ್ ಪ್ರಾಂತ್ಯದಿಂದ ಬೇರೆಯಾದ ನಗರಾಡಳಿತ. ಅಲ್ಲಿನ ಶ್ಯಾವ್‌ಮ್ಯೆನ್‌ಗೆ (ಖಾರದ ನೂಡಲ್ಸು) ತನ್ನದೇ ಮಾತುಗಳಿವೆ. ಗಾನ್‌ಲ್ಯೂ ಅಂದರೆ ಸಾರಿಲ್ಲದೆ ಕಲಸಿದ್ದು, ಥೀಹ್ವಾಂಗ್ ಅಂದರೆ ಗಟ್ಟಿಯಿರುವಾಗಲೇ ಎತ್ತಿದ್ದು, ಜ್ಯಾಛಿಂಗ್ ಅಂದರೆ ಸೊಪ್ಪು ಹೆಚ್ಚು. ಬಟ್ಟಲಿನ ತಳದಲ್ಲಿ ಒಂದು ಚಮಚ ಹಂದಿ ಕೊಬ್ಬು ಇಟ್ಟೇ ಶುರು ಮಾಡ್ತಾರೆ, ಹುರುಳಿಕಟ್ಟು ಅವರ ಮೂರನೇ ಮಾತು ಇಲ್ಲಿ ಖಂಡಿತ ಬೇಕು.

ಮಾವ್‌ತ್ಸಾಯ್‌ನಲ್ಲಿ ಹಸಿ ತರಕಾರಿ, ಮಾಂಸ ನೀವೇ ಬುಟ್ಟಿಗೆ ಹಾಕಿ ತೂಕಕ್ಕೆ ಕೊಡಬೇಕು, ದರ 500 ಗ್ರಾಮಿನ ‘ಜಿನ್’ ಲೆಕ್ಕದಲ್ಲಿ. ಒಬ್ಬರಿಗೆ 400ರಿಂದ 500 ಗ್ರಾಂ ಸಾಕು. ತೊಳೆದ ಸೊಪ್ಪಿನ ನೀರು ಒದರಿ ಹಾಕಿ, ಇಲ್ಲದಿದ್ದರೆ ನೀರಿಗೂ ದುಡ್ಡು ಕೊಟ್ಟ ಹಾಗಾಗುತ್ತೆ. ಒಬ್ಬರೇ ಹೋದಾಗ ಹಾಟ್‌ಪಾಟಿಗಿಂತ ಇದೇ ಮೇಲು ಅನ್ನೋದು ನನ್ನ ಖಚಿತ ಅಭಿಪ್ರಾಯ. ದುಡ್ಡು ಕೊಡೋದು ಮೇಜಿನ ಮೇಲಿನ ಕ್ಯೂಆರ್ ಕೋಡಿಗೆ. ಅಲಿಪೇ ಅಥವಾ ವಿಚಾಟ್‌ಗೆ ಅಂತರರಾಷ್ಟ್ರೀಯ ಕಾರ್ಡನ್ನು ಹೊರಡೋ ಮೊದಲೇ ಜೋಡಿಸಿ, ಸ್ವಲ್ಪ ನೋಟೂ ಇಟ್ಟುಕೊಳ್ಳಿ.

ಕಡಲತಡಿ
ಮಾವ್‌ತ್ಸಾಯ್ ಮೇಲು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ಬೇಯಿಸುವುದರಿಂದ ಒಂದು ಬೆಂದಿರ್ತದೆ, ಇನ್ನೊಂದು ಕರಗಿರ್ತದೆ. ಛ್ವಾನ್‌ಛ್ವಾನ್‌ನಲ್ಲಿ ಕಡ್ಡಿ ಕಡ್ಡಿಯಾಗಿ ನಾವೇ ನೋಡಿಕೊಂಡು ತೆಗೆಯಬಹುದು, ಕಡ್ಡಿ ಎಣಿಸಿ ದುಡ್ಡು. ಒಬ್ಬರಿಗೂ ಆಗ್ತದೆ.

ಮಲೆನಾಡ_ಮಿಡಿ
ಹ್ವಾಜ್ಯಾವ್ ರುಚಿ ಹೋಗುವ ಮೊದಲೇ ತಿಳಿಯಬೇಕಿದ್ದರೆ ನಮ್ಮ ಜುಮ್ಮನಕಾಯಿ ಇದೆಯಲ್ಲ. ಕೊಂಕಣಿಯವರು ತೆಪ್ಪಲ್, ತಿರ್ಫಳ ಅಂತ ಬಂಗುಡೆ ಸಾರಿಗೆ ಹಾಕುವುದು ಇದನ್ನೇ. ಎರಡೂ ಝಾಂಥಾಕ್ಸಿಲಮ್ ಕುಲದ ಮರಗಳು, ಜಾತಿ ಮಾತ್ರ ಬೇರೆ: ನಮ್ಮದು ರೆಟ್ಸಾ, ಅವರ ಕೆಂಪು ಹ್ವಾಜ್ಯಾವ್ ಬಂಜಿಯಾನಮ್, ಹಸಿರು ಹ್ವಾಜ್ಯಾವ್ ಅರ್ಮೇಟಮ್. ಎರಡರಲ್ಲೂ ಬಳಸುವುದು ಸಿಪ್ಪೆ ಮಾತ್ರ, ಒಳಗಿನ ಕಪ್ಪು ಬೀಜ ಮರಳಿನ ಹಾಗೆ ಹಲ್ಲಿಗೆ ಸಿಗುತ್ತದೆ, ತೆಗೆದುಬಿಡಬೇಕು. ಜುಮ್ಮನಕಾಯಿಯಲ್ಲಿ ಕಿತ್ತಳೆ ಸಿಪ್ಪೆಯ ವಾಸನೆ ಮುಂದು, ಜುಮ್ಮು ಹಿಂದು. ಹಾಗಾಗಿ ಮಾಪೋ ದೌಫುವಿಗೆ ಬದಲಿಯಾಗಿ ಹಾಕಿದರೆ ವಾಸನೆ ಬರುತ್ತದೆ, ಮರಗಟ್ಟುವುದು ಅಷ್ಟಿಲ್ಲ.

ರೊಟ್ಟಿಬುತ್ತಿ
ಛಲೋ ಮಾಹಿತಿ ರೀ. ನಾನೂ ಒಂದು ಕೊಡ್ತೀನಿ, ಮೆಣಸಿನ ಎಣ್ಣಿದು. ಅಲ್ಲಿ ಉಂಡು ಬಂದವ್ರು ಮನ್ಯಾಗ ಮಾಡಾಕ ಹೋಗಿ ಕರಕಲು ಮಾಡ್ತಾರ. ಇಲ್ಲಿ ಬಾಟ್ಲಿನಾಗ ಸಿಗೋ ಶೆಜ್ವಾನ್ ಚಟ್ನಿ ಅದಲ್ಲ, ಅದ್ರಾಗ ಹ್ವಾಜ್ಯಾವೂ ಇರಂಗಿಲ್ಲ, ದೌಬಾನ್‌ಜ್ಯಾಂಗೂ ಇರಂಗಿಲ್ಲ.

ಬ್ಯಾಡಗಿ 70 ಗ್ರಾಂ, ಗುಂಟೂರು 30 ಗ್ರಾಂ. ಬ್ಯಾಡಗಿ ಬಣ್ಣಕ್ಕ, ವಾಸನಿಗೆ ಅರ್‌ಜಿಂಗ್‌ಥ್ಯಾವ್ ಜಾಗಾ ತುಂಬತೈತಿ. ಒಂದು ಚಮಚ ಎಣ್ಣಿ ಹಾಕಿ ಸಣ್ಣ ಉರಿಮ್ಯಾಲೆ ಗರಿಗರಿ ಆಗೋಮಟ ಹುರಿದು, ಆರಿದ ಮ್ಯಾಲೆ ಕುಟ್ರಿ. ಮಿಕ್ಸರಿನಾಗ ಹಿಟ್ಟು ಮಾಡಬ್ಯಾಡ್ರಿ, ಸಣ್ಣ ಪುಡಿ ಕಾದ ಎಣ್ಣಿಗೆ ತಾಗಿದ ಕೂಡ್ಲೇ ಸುಡತೈತಿ. 500 ಮಿಲಿ ಸಾಸಿವಿ ಎಣ್ಣಿ ಹೊಗೆ ಬರೋಮಟ ಕಾಸ್ರಿ, ಘಾಟು ಹೋಗಬೇಕು. 130 ಡಿಗ್ರಿಗೆ ಇಳಿಸಿ ಶುಂಠಿ, ಈರುಳ್ಳಿ ಸೊಪ್ಪು, 2 ಚಕ್ರಮೊಗ್ಗು ಹಾಕಿ ಸೊಪ್ಪು ಕಂದು ಆದ ಮ್ಯಾಲೆ ಸೋಸ್ರಿ. ಮತ್ತ 180ಕ್ಕ ಕಾಸಿ ಎಣ್ಣಿಯಾಗ ಮೂರರಾಗ ಒಂದು ಪಾಲನ್ನ ಪುಡಿ ಮ್ಯಾಲೆ ಸುರೀರಿ, ಇದು ವಾಸನಿಗೆ. 150ಕ್ಕ ಇಳಿದಾಗ ಎರಡನೇ ಪಾಲು ಬಣ್ಣಕ್ಕ, 120ರಾಗ ಉಳಿದದ್ದು. ಹುರಿದ ಎಳ್ಳು ಒಂದು ಚಮಚ, ವಿನೆಗರ್ ಒಂದು ಸಣ್ಣ ಚಮಚ. ಒಂದು ರಾತ್ರಿ ಮುಚ್ಚಿಡ್ರಿ. ಕಪ್ಪಾಗಿ ಕಹಿ ಆದ್ರ ಮೊದಲ ಪಾಲು ಭಾಳ ಕಾದಿತ್ತು ಅಂತ ಅರ್ಥ. ಹಸಿ ವಾಸನಿ ಬಂದ್ರ ಕಾದಿರ್ಲಿಲ್ಲ.

ಸೌಟು
ಕೊನೆಯದಾಗಿ, ಮಾರುಕಟ್ಟೆಯಲ್ಲಿ ಹ್ವಾಜ್ಯಾವ್, ದೌಬಾನ್‌ಜ್ಯಾಂಗ್ ಕೊಳ್ಳುವುದಾದರೆ ಏನು ನೋಡಬೇಕು?

ಹುರುಳಿಕಟ್ಟು
ಹ್ವಾಜ್ಯಾವ್: ಸಿಪ್ಪೆ ಪೂರ್ತಿ ಬಾಯಿ ಬಿಟ್ಟಿರಬೇಕು, ಕಪ್ಪು ಬೀಜ, ಕಡ್ಡಿ ಕಡಿಮೆ ಇರಬೇಕು. ಅಂಗೈಯಲ್ಲಿ ಉಜ್ಜಿದರೆ ನಿಂಬೆ ಜಾತಿಯ ವಾಸನೆ ಬರಬೇಕು, ಬಣ್ಣ ಅಂಟಬಾರದು. ಒಂದೇ ಸಿಪ್ಪೆಯನ್ನು ಮುಂದಿನ ಹಲ್ಲಿನಲ್ಲಿ ಕಚ್ಚಿ ಅರ್ಧ ನಿಮಿಷ ಕಾಯಿರಿ, ಜುಮ್ಮು ಬರದಿದ್ದರೆ ಹಳೆಯದು. ಹಾನ್‌ಯ್ವಾನ್ ತಾಲ್ಲೂಕಿನದು ಹೆಸರುವಾಸಿ. 100 ಗ್ರಾಂ ಸಾಕು, ಪುಡಿ ಮಾಡದೆ ಫ್ರೀಜರಿನಲ್ಲಿಡಿ.

ದೌಬಾನ್‌ಜ್ಯಾಂಗ್: ಚೆಂಗ್ದು ಬಳಿಯ ಪಿಶ್ಯೆನ್‌ನದು ಅಂತ ನೋಡಿ. ಲೇಬಲ್ಲಿನಲ್ಲಿ ಮೆಣಸಿನಕಾಯಿ, ಬಾಕಲ ಕಾಳು, ಉಪ್ಪು, ಗೋಧಿ ಹಿಟ್ಟು ಇದ್ದರೆ ಸಾಕು. ಗೋಧಿ ಆಗದವರು ಗಮನಿಸಿ. ಒಂದು ವರ್ಷದ್ದು ಕೆಂಪು, ಬಣ್ಣಕ್ಕೆ ಚೆನ್ನ. ಮೂರು ವರ್ಷದ್ದು ಕಡುಕಂದು, ರುಚಿಗೆ ಗಾಢ. ಎರಡನ್ನೂ ಅರ್ಧರ್ಧ ಬೆರೆಸಿ ಬಳಸುವುದು ಒಳ್ಳೆಯದು. ಪೇಸ್ಟು ಆದ್ದರಿಂದ ವಿಮಾನದಲ್ಲಿ ಕೈಚೀಲಕ್ಕೆ ಬೇಡ, ಚೆಕ್-ಇನ್ ಪೆಟ್ಟಿಗೆಯಲ್ಲಿ ಎರಡು ಪ್ಲಾಸ್ಟಿಕ್ ಚೀಲ ಸುತ್ತಿ ಇಡಿ. ಮನೆಯಲ್ಲಿ 400 ಗ್ರಾಂ ತೋಫುವಿಗೆ 2 ದೊಡ್ಡ ಚಮಚ. ಸಣ್ಣಗೆ ಕೊಚ್ಚಿ, ಸಣ್ಣ ಉರಿಯಲ್ಲಿ ಎಣ್ಣೆ ಕೆಂಪಾಗುವವರೆಗೆ ಒಂದೆರಡು ನಿಮಿಷ ಬಾಡಿಸಿ ಆಮೇಲೆ ನೀರು ಹಾಕಿ. ಬೇರೆ ಉಪ್ಪು ರುಚಿ ನೋಡಿದ ಮೇಲಷ್ಟೇ.